ಒನ್ ಪೀಸ್ ಸಂಪುಟ ಸಂಪುಟವಾಗಿ ಓದುವವರು ನಮ್ಮ ಕಡೆ ಯಾರಾದ್ರೂ ಇದ್ದೀರಾ? (23ರ ಆಚೆಯ ಕಥೆ ಬೇಡ)

ತೊಗರಿಕಣಜ | ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಒನ್ ಪೀಸ್ ಎಂಬ ಜಪಾನಿ ಕಡಲ್ಗಳ್ಳರ ಚಿತ್ರಕಥೆಯ (ಮಾಂಗಾ ಅಂತಾರೆ) ಪುಸ್ತಕಗಳನ್ನು ತಿಂಗಳಿಗೆ ಒಂದರಂತೆ ಕೊಂಡು ಓದುತ್ತಾ ಬಂದಿದ್ದೇನೆ. ಸಂಬಳ ಬಿದ್ದ ವಾರ ಒಂದು ಸಂಪುಟ, ಮುಂದಿನದು ಮುಂದಿನ ಸಂಬಳಕ್ಕೆ. ಈಗ 23 ಮುಗಿದಿದೆ. ಅದರ ಅನಿಮೆ, ಅಂದ್ರೆ ಕಾರ್ಟೂನ್ ರೂಪ, ನೋಡಿಲ್ಲ. ಫೋನಿನಲ್ಲಿ ಮುಂದಿನ ಕಥೆ ಇಣುಕಿಯೂ ನೋಡಿಲ್ಲ.

ಗೆಳೆಯರು ನಗುತ್ತಾರೆ. ಜಪಾನಿನಲ್ಲಿ 100ನೇ ಸಂಪುಟ 2021ರಲ್ಲೇ ಬಂದಿದೆ, ಆಮೇಲೂ ಬರುತ್ತಾನೇ ಇದೆ, ನೀನು ಮುಗಿಸುವ ಹೊತ್ತಿಗೆ ಮಗಳ ಮದುವೆ ಆಗಿರುತ್ತದೆ ಅಂತ. ನನಗೇ ಇನ್ನೂ ಮದುವೆ ಆಗಿಲ್ಲ, ಇರಲಿ.

ನಾನು ಹೇಳೋದು ಇಷ್ಟೇ. ಸಂಪುಟ ಎಲ್ಲಿ ನಿಲ್ಲುತ್ತದೋ ಓದುವವನೂ ಅಲ್ಲೇ ನಿಲ್ಲಬೇಕು. ಹಾಗೆ ನಿಂತಾಗ ಸಿಗುವ ಮಜಾ ಒಂದೇ ಏಟಿಗೆ ಓದಿ ಮುಗಿಸುವವರಿಗೆ ಸಿಗೋದಿಲ್ಲ.

9ನೇ ಸಂಪುಟ ನೋಡಿ. ಆರ್ಲಾಂಗ್ ಎಂಬ ಮೀನುಮನುಷ್ಯ ನಾಮಿ ಎಂಬ ಹುಡುಗಿಯ ಊರನ್ನು ಹಿಡಿದು ಕೂತಿದ್ದಾನೆ. ದೊಡ್ಡವರಿಗೆ ಇಷ್ಟು, ಮಕ್ಕಳಿಗೆ ಇಷ್ಟು ಅಂತ ಬದುಕಿರುವುದಕ್ಕೇ ವಸೂಲಿ. ಊರು ಬಿಡಿಸಿಕೊಳ್ಳಲು ನಾಮಿ ವರ್ಷಗಟ್ಟಲೆ ಕದ್ದು ಕೂಡಿಟ್ಟ ದುಡ್ಡು ಒಂದೇ ದಿನದಲ್ಲಿ ಹೋಗುತ್ತದೆ. ಅವಳು ತೋಳಿನ ಮೇಲಿನ ಆರ್ಲಾಂಗ್ ಹಚ್ಚೆಗೆ ಚಾಕುವಿನಿಂದ ಚುಚ್ಚಿಕೊಳ್ಳುತ್ತಾಳೆ. ಕಥಾನಾಯಕ ಲೂಫಿ ಕೈ ಹಿಡಿದು ತಡೆಯುತ್ತಾನೆ. ಅದುವರೆಗೂ ಯಾರ ಮುಂದೆಯೂ ಕೈಚಾಚದ ಹುಡುಗಿ ಅವನ ಹತ್ತಿರ ಸಹಾಯ ಕೇಳುತ್ತಾಳೆ. ಅವನು ಯಾರಿಗೂ ಮುಟ್ಟಲು ಕೊಡದ ತನ್ನ ಹುಲ್ಲಿನ ಟೋಪಿ ತೆಗೆದು ಅವಳ ತಲೆಗೆ ಹಾಕುತ್ತಾನೆ. ಲೂಫಿ ಸೇರಿ ನಾಲ್ಕು ಜನ ಆರ್ಲಾಂಗ್ ಕೋಟೆ ಕಡೆ ನಡೆಯುತ್ತಾರೆ. ಸಂಪುಟ ಮುಗಿಯಿತು!

10ನೇ ಸಂಪುಟ ನನ್ನ ಹತ್ತಿರ ಇರಲಿಲ್ಲ. ಮುಂದಿನ ಸಂಬಳ ಬರೋವರೆಗೂ ಆ ನಾಲ್ಕು ಜನ ನನ್ನ ತಲೆಯಲ್ಲಿ ನಡೀತಾನೇ ಇದ್ದರು. ತೊಗರಿ ಚೀಲದ ಲೆಕ್ಕ ಬರೆಯುವಾಗಲೂ ನಡೀತಿದ್ದರು.

ನೀವೆಲ್ಲ ಹೇಗೆ ಓದುತ್ತೀರಿ?


ಬಿದರಿಬಳ್ಳಿ | ಬೀದರ್

ಚೆನ್ನಾಗಿ ಬರೆದಿದ್ದೀರಿ. ಆದರೆ ನಾನು ಒಪ್ಪೋದಿಲ್ಲ.

ಈ ಕಥೆ ಬರೆದು ಚಿತ್ರಿಸುವ ಓಡಾ ಅವರು ಸಂಪುಟ ಬರೆಯುತ್ತಿಲ್ಲ, ವಾರದ ಅಧ್ಯಾಯ ಬರೆಯುತ್ತಿದ್ದಾರೆ. 1997ರ ಜುಲೈಯಿಂದ ವೀಕ್ಲಿ ಶೋನೆನ್ ಜಂಪ್ ಪತ್ರಿಕೆಗೆ ಇಪ್ಪತ್ತರ ಒಳಗಿನ ಪುಟಗಳ ಕಂತು ಕೊಡುತ್ತಾ ಬಂದಿದ್ದಾರೆ. ಪ್ರತಿ ಕಂತಿನ ಕೊನೇ ಪುಟದಲ್ಲಿ ಒಂದು ಕೊಕ್ಕೆ ಇರುತ್ತದೆ. ಯಾರೋ ಬಾಗಿಲು ತೆಗೆಯುತ್ತಾರೆ, ಒಳಗೆ ಯಾರಿದ್ದಾರೆ ಅಂತ ತೋರಿಸೋದಿಲ್ಲ. ಆ ಕೊಕ್ಕೆ ನಿಮ್ಮನ್ನು ಒಂದು ವಾರ ಎಳೆಯಬೇಕು. ಸಂಪುಟದಲ್ಲಿ ನೀವು ಪುಟ ತಿರುಗಿಸಿದ ಕೂಡಲೇ ಒಳಗಿರುವವನು ಕಾಣುತ್ತಾನೆ. ಹತ್ತು ಕೊಕ್ಕೆಗಳಲ್ಲಿ ಒಂಬತ್ತನ್ನು ನೀವೇ ದಂಡ ಮಾಡಿಕೊಂಡು, ಕೊನೆಯದೊಂದಕ್ಕೆ ಇಷ್ಟು ಸಂಭ್ರಮ ಪಡುತ್ತಿದ್ದೀರಿ.

ನಮ್ಮ ಕಾಲೇಜಿನ ಗೆಳತಿಯರ ಗುಂಪು ಈಗ ಬೀದರ್, ಹೈದರಾಬಾದ್, ಪುಣೆ ಅಂತ ಚದುರಿಹೋಗಿದೆ. ಭಾನುವಾರ ರಾತ್ರಿ ಎಂಟೂವರೆಗೆ ಮಾಂಗಾ ಪ್ಲಸ್ ಆ್ಯಪಿನಲ್ಲಿ ಹೊಸ ಅಧ್ಯಾಯ ಬರುತ್ತದೆ. ಜಪಾನಿನಲ್ಲಿ ಆಗ ಸೋಮವಾರ ಶುರುವಾಗಿರುತ್ತದೆ. ಎಂಟು ಮುಕ್ಕಾಲಿಗೆ ನಮ್ಮ ಗುಂಪಿನಲ್ಲಿ ಜಗಳ ಶುರು. ಇವನು ಸತ್ತನಾ, ಅವಳು ಯಾರ ಮಗಳು, ಆ ನೆರಳು ಯಾರದು. ಅತ್ತೆ ಊಟಕ್ಕೆ ಕರೆದರೆ ಐದು ನಿಮಿಷ ಅಂತೇನೆ, ಅರ್ಧ ಗಂಟೆ ಆಗುತ್ತದೆ. ಈ ಜಗಳ ಪುಸ್ತಕ ಓದುವವರಿಗೆ ಎಲ್ಲಿದೆ ಹೇಳಿ?


ತೊಗರಿಕಣಜ | ಕಲಬುರಗಿ

ಅಕ್ಕಾ, ಜಗಳ ಈಗ ಶುರುವಾಯಿತಲ್ಲ, ಇಲ್ಲೇ.

ಒಂದು ಮಾತು. ವಾರದ ಕಂತು ಓದುವವರು ಹೋದ ವಾರದ್ದನ್ನು ಅರ್ಧ ಮರೆತಿರುತ್ತಾರೆ. ಹೊಡೆದಾಟದಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾವ ಕೈಗೆ ಗಾಯ ಆಗಿತ್ತು, ಒಂದೂ ನೆನಪಿರೋದಿಲ್ಲ. ಸಂಪುಟದಲ್ಲಿ ಹತ್ತು ಕಂತು ಒಟ್ಟಿಗೆ ಇರೋದರಿಂದ ಎರಡನೇ ಕಂತಿನಲ್ಲಿ ಮೂಲೆಯಲ್ಲಿ ಬಿದ್ದಿದ್ದ ಬಾಟಲಿ ಎಂಟನೇ ಕಂತಿನಲ್ಲಿ ಕೆಲಸಕ್ಕೆ ಬಂದರೆ ಗೊತ್ತಾಗುತ್ತದೆ.


ಫರಸಿಕಲ್ಲು | ಶಹಾಬಾದ್

ಮಕ್ಕಳೇ, ನಾನು ರಿಟೈರ್ ಆದ ಮನುಷ್ಯ. ಈ ಜಪಾನಿ ಪುಸ್ತಕ ನನಗೆ ಹಚ್ಚಿದ್ದು ಮೊಮ್ಮಗಳು. ನಿಮ್ಮ ಜಗಳ ನೋಡಿ ನಗು ಬಂತು, ಯಾಕಂದ್ರೆ ಇದು ನಮ್ಮ ಮನೆಯಲ್ಲಿ ಎಂದೋ ನಡೆದ ಜಗಳ.

ನಮ್ಮ ಅವ್ವನಿಗೆ ವಾರಪತ್ರಿಕೆಯ ಧಾರಾವಾಹಿ ಅಂದ್ರೆ ಜೀವ. ಪತ್ರಿಕೆ ರೈಲಿಗೆ ಬರುತ್ತಿತ್ತು. ಪೇಪರ್ ಏಜೆಂಟ್ ಹತ್ತಿರ ಇಸಕೊಂಡು ಬರೋದು ನನ್ನ ಕೆಲಸ. ಅವ್ವ ಆ ದಿನವೇ ಕಂತು ಓದಿ, ಮಧ್ಯಾಹ್ನ ಓಣಿಯ ಹೆಣ್ಣುಮಕ್ಕಳಿಗೆ ಕಥೆ ಹೇಳುತ್ತಿದ್ದಳು. ಸೊಸೆ ಮುಂದೆ ಏನು ಮಾಡುತ್ತಾಳೆ ಅಂತ ಕಟ್ಟೆ ಮೇಲೆ ಚರ್ಚೆ. ಬಿದರಿಬಳ್ಳಿ ಹೇಳುವ ಭಾನುವಾರದ ಜಗಳ ಅದೇ.

ನಮ್ಮ ಅಪ್ಪ ಮಾತ್ರ ಮುಟ್ಟುತ್ತಿರಲಿಲ್ಲ. ಧಾರಾವಾಹಿ ಮುಗಿಯೋವರೆಗೂ ಕಾಯುತ್ತಿದ್ದ. ಮುಗಿದ ಮೇಲೆ ಅವ್ವ ಎಲ್ಲ ಕಂತುಗಳ ಹಾಳೆ ಬಿಡಿಸಿ ಜೋಡಿಸಿ, ದಬ್ಬಣದಲ್ಲಿ ತೂತು ಹಾಕಿ, ಚೀಲ ಹೊಲಿಯುವ ಸುತಳಿಯಿಂದ ಹೊಲಿಯುತ್ತಿದ್ದಳು. ಹಳೇ ಕ್ಯಾಲೆಂಡರಿನ ದಪ್ಪ ಹಾಳೆ ತಿರುವಿ ಹಾಕಿ ರಟ್ಟು. ಅದಕ್ಕೆ ಮೈದಾ ಅಂಟು. ಹಾಳೆಯ ಹಿಂದೆ ಅರ್ಧ ಅಡುಗೆ ವಿಧಾನ, ಅರ್ಧ ವಾರಭವಿಷ್ಯ ಇರುತ್ತಿತ್ತು. ಅಪ್ಪ ಆ ಪುಸ್ತಕ ಹಿಡಿದು ಕೂತರೆ ಎರಡು ದಿನ ಮಾತಿಲ್ಲ.

ಮೊಮ್ಮಗಳು ಹೇಳಿದಳು, ಜಪಾನಿನಲ್ಲೂ ಹೀಗೇ ಅಂತೆ. ವಾರಪತ್ರಿಕೆ ಅಗ್ಗದ ಕಾಗದದ್ದು, ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ, ಓದಿ ರದ್ದಿಗೆ ಹಾಕುತ್ತಾರೆ. ಕಪಾಟಿನಲ್ಲಿ ಇಡೋದು ಸಂಪುಟವನ್ನು. ಅದನ್ನು ಟ್ಯಾಂಕೋಬಾನ್ ಅನ್ನುತ್ತಾರೆ. ಸಂಪುಟಕ್ಕೆ ಹೋಗುವಾಗ ಕೆಲವರು ಚಿತ್ರ ತಿದ್ದುತ್ತಾರೆ. ಅಂದ್ರೆ ಅವ್ವನೂ ಸರಿ, ಅಪ್ಪನೂ ಸರಿ ಅನ್ನೋಣ ಅಂದ್ರೆ, ಹಾಗೂ ಅನ್ನೋದಿಲ್ಲ ನಾನು. ನಾನು ಅಪ್ಪನ ಕಡೆ.


ಬಿದರಿಬಳ್ಳಿ | ಬೀದರ್

ಕಾಕಾ, ಮಸ್ತ್! ಆದರೆ ಆ ಪುಸ್ತಕ ಹೊಲಿದವರು ಅವ್ವ, ಅದನ್ನು ಮರೀಬೇಡಿ. ವಾರ ವಾರ ಓದಿದವರು ಇಲ್ಲದಿದ್ದರೆ ಅಪ್ಪನಿಗೆ ಓದಲು ಏನೂ ಇರುತ್ತಿರಲಿಲ್ಲ. ಜಂಪ್‌ನಲ್ಲೂ ಹಾಗೇ. ಓದುಗರು ವಾರ ವಾರ ಯಾವ ಕಥೆ ಇಷ್ಟ ಅಂತ ಕಾರ್ಡು ಬರೆದು ಕಳಿಸುತ್ತಾರೆ. ಕಡಿಮೆ ಮೆಚ್ಚುಗೆ ಬಂದ ಕಥೆಯನ್ನು ಬೇಗ ನಿಲ್ಲಿಸಿಬಿಡುತ್ತಾರೆ. ನಿಮ್ಮ ಕಪಾಟಿಗೆ ಸಂಪುಟ ಬರೋದು ನಮ್ಮಂಥವರು ವಾರ ವಾರ ಕಾದಿದ್ದಕ್ಕೆ.


ಯಾದಗಿರಿಪ್ಯಾಸೆಂಜರ್ | ಯಾದಗಿರಿ

ನಾನು ಡಿಗ್ರಿ ಓದೋನು, ನನ್ನ ಸಮಸ್ಯೆ ಬೇರೆ. ಪುಸ್ತಕಕ್ಕೆ ದುಡ್ಡು ಎಲ್ಲಿದೆ ಅಣ್ಣಾ? ಒಂದೊಂದಕ್ಕೆ ನಾನೂರರ ಆಸುಪಾಸು. ನೂರು ಚಿಲ್ಲರೆ ಸಂಪುಟ ಅಂದ್ರೆ ಒಂದು ಸೆಕೆಂಡ್ ಹ್ಯಾಂಡ್ ಬೈಕು ಬರುತ್ತದೆ. ಬೈಕು ಕಾಲೇಜಿಗಾದರೂ ಒಯ್ಯುತ್ತದೆ.

ಅಗ್ಗಕ್ಕೆ ಸಿಕ್ಕಿತು ಅಂತ ಆನ್‌ಲೈನಿನಲ್ಲಿ ಒಬ್ಬರಿಂದ ಐದು ಸಂಪುಟ ತರಿಸಿದ್ದೆ. ಬಂದಿದ್ದು ಡೂಪ್ಲಿಕೇಟ್. ಮಾತಿನ ಗುಳ್ಳೆಗಳ ಅಂಚು ಕತ್ತರಿಸಿಹೋಗಿದೆ, ಅರ್ಧ ಮಾತು ಹೊಲಿಗೆಯ ಒಳಗೆ. ಎರಡನೇ ಸಲ ಬಿಚ್ಚಿದಾಗ ಹಾಳೆ ಕೈಗೇ ಬಂತು. ವಾಪಸ್ ತಗೋರಿ ಅಂದ್ರೆ ಉತ್ತರವೇ ಇಲ್ಲ.

ಅಂದಹಾಗೆ ತೊಗರಿಕಣಜ ಅಣ್ಣಾ, 24ರಲ್ಲಿ ಯಾರು ಹಡಗಿಗೆ ಬರ್ತಾರೆ ಗೊತ್ತಾ? ಹೇಳ್ಲಾ?


ತೊಗರಿಕಣಜ | ಕಲಬುರಗಿ

ಹೇಳಿದರೆ ಯಾದಗಿರಿಗೆ ಬಂದು ಹೊಡೀತೀನಿ. ಟಿಕೆಟ್ ದುಡ್ಡೂ ನಿನ್ನ ಹತ್ತಿರವೇ ತಗೋತೀನಿ.


ರೋಜಾಓದುಗ | ಕಲಬುರಗಿ

ಡೂಪ್ಲಿಕೇಟ್ ಗುರುತಿಸೋದು ಸುಲಭ ಭಾಯ್. ಕಪ್ಪು ಜಾಗ ನೋಡಿ. ಅಸಲಿ ಪ್ರತಿಯಲ್ಲಿ ಲೂಫಿಯ ಕೂದಲಿನ ಕಪ್ಪಿನ ಪಕ್ಕ ಸಣ್ಣ ಚುಕ್ಕೆಗಳ ಬೂದು ಬಣ್ಣ ಇರುತ್ತದೆ. ಬಟ್ಟೆಯ ನೆರಳು, ಸಂಜೆಯ ಆಕಾಶ ಎಲ್ಲ ಆ ಚುಕ್ಕೆಗಳಿಂದಲೇ. ಸ್ಕ್ರೀನ್‌ಟೋನ್ ಅಂತಾರೆ. ಒಂದೊಂದು ಚುಕ್ಕೆಯೂ ಬೇರೆ ಬೇರೆ ಕಾಣಬೇಕು. ನಕಲಿಯಲ್ಲಿ ಎಲ್ಲ ಕಲಸಿ ಮಸಿ ಆಗಿರುತ್ತದೆ, ಇಲ್ಲ ಅಂದ್ರೆ ಪಟ್ಟೆ ಪಟ್ಟೆ ಆಗಿರುತ್ತದೆ. ಬೆನ್ನಿನ ಅಕ್ಷರ ಒಂದು ಸಂಪುಟದಿಂದ ಇನ್ನೊಂದಕ್ಕೆ ಮೇಲೆ ಕೆಳಗೆ ಆಗಿದ್ದರೂ ಅನುಮಾನ ಪಡಿ.

ಇನ್ನೊಂದು ವಿಷಯ. ಹೊಸಬರು ಮಾಂಗಾ ಹಿಡಿದಾಗ ಬಲದಿಂದ ಎಡಕ್ಕೆ ಓದೋದು ಕಷ್ಟ ಅಂತಾರೆ. ನಮ್ಮ ಮನೆಯಲ್ಲಿ ಯಾರಿಗೂ ಕಷ್ಟ ಆಗಲಿಲ್ಲ. ನಮ್ಮ ಅಬ್ಬಾ ಉರ್ದು ಪೇಪರ್ ಓದುವವರು. ನನ್ನ ಮೇಜಿನ ಮೇಲಿಂದ 12ನೇ ಸಂಪುಟ ಎತ್ತಿಕೊಂಡು, ಬಲಗಡೆಯಿಂದಲೇ ಬಿಚ್ಚಿ, ಮೇಲಿನ ಬಲ ಮೂಲೆಯ ಚೌಕದಿಂದಲೇ ಶುರು ಮಾಡಿದರು. ನಾನು ಏನೂ ಹೇಳಿರಲಿಲ್ಲ. ಇಂಗ್ಲಿಷ್ ಅಕ್ಷರ ಮಾತ್ರ ಎಡದಿಂದ ಬಲಕ್ಕೆ ಯಾಕೆ ಓಡುತ್ತದೆ ಅಂತ ಬೈದರು. ಖರೆ ಅಲ್ವಾ? ಚಿತ್ರ ಒಂದು ದಿಕ್ಕಿಗೆ ಎಳೆಯುತ್ತದೆ, ಮಾತು ಇನ್ನೊಂದು ದಿಕ್ಕಿಗೆ. ಏಟು ಬಲದಿಂದ ಬಂದು ಎಡಕ್ಕೆ ಬೀಳುತ್ತದೆ. ಅದನ್ನು ತಿರುಗಿಸಿ ಛಾಪಿಸಿದರೆ ಎಲ್ಲರೂ ಎಡಗೈ ಬಂಟರಾಗುತ್ತಾರೆ. ಹಿಂದೆ ಇಂಗ್ಲಿಷಿನಲ್ಲಿ ಹಾಗೆ ಕನ್ನಡಿ ಹಿಡಿದಂತೆ ತಿರುಗಿಸಿ ಛಾಪಿಸುತ್ತಿದ್ದರು, ಈಗ ಬಿಟ್ಟಿದ್ದಾರೆ.

ಅಗ್ಗಕ್ಕೆ ಬೇಕಂದ್ರೆ ಹೈದರಾಬಾದಿನ ಆಬಿಡ್ಸ್ ಭಾನುವಾರದ ಫುಟ್‌ಪಾತ್ ಬಜಾರು. ಹಳೇ ಪುಸ್ತಕದ ರಾಶಿ. ಆದರೆ ಅಲ್ಲಿ 1, 2, 3 ಅಂತ ಸಾಲಾಗಿ ಸಿಗೋದಿಲ್ಲ. ಒಂದು ಕಡೆ 7 ಸಿಗುತ್ತದೆ, ಇನ್ನೊಂದು ಕಡೆ 31.


ಕಡಗಂಚಿಹಾಸ್ಟೆಲ್ | ಆಳಂದ ತಾಲ್ಲೂಕು

ನಮ್ಮ ಕೇಂದ್ರೀಯ ವಿವಿ ಹಾಸ್ಟೆಲಿನಲ್ಲಿ ಒಂದು ಸೆಟ್ಟಿದೆ, ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. 14ರ ರಟ್ಟು ಕಿತ್ತುಹೋಗಿ ಪ್ಲಾಸ್ಟರ್ ಹಾಕಿದ್ದೇವೆ.

ನಾನು ಕನ್ನಡ ಮೀಡಿಯಂನವಳು. ಇಂಗ್ಲಿಷ್ ಕಾದಂಬರಿ ಹಿಡಿದರೆ ಮೂರನೇ ಪುಟಕ್ಕೆ ನಿದ್ದೆ. ಮಾಂಗಾದಲ್ಲಿ ಮುಖ ನೋಡಿದರೆ ಅರ್ಧ ಮಾತು ಗೊತ್ತಾಗುತ್ತದೆ. ಉಳಿದ ಅರ್ಧ ಓದಿ ಕಲಿಯಬಹುದು.

ಸಂಪುಟದ ಪರವಾಗಿ ಯಾರೂ ಹೇಳದ ಒಂದು ಮಾತಿದೆ. ಎಸ್‌ಬಿಎಸ್! 4ನೇ ಸಂಪುಟದಿಂದ ಶುರುವಾಗುವ ಪತ್ರೋತ್ತರ ಪುಟಗಳು. ಓದುಗರು ತಲೆಹರಟೆ ಪ್ರಶ್ನೆ ಕೇಳುತ್ತಾರೆ, ಓಡಾ ಅದಕ್ಕಿಂತ ತಲೆಹರಟೆ ಉತ್ತರ ಕೊಡುತ್ತಾರೆ. ಪಾತ್ರಗಳ ಹುಟ್ಟಿದ ದಿನ ಎಲ್ಲ ಅಲ್ಲೇ ಗೊತ್ತಾಗೋದು. ಲೂಫಿಯದು ಮೇ 5, ಜಪಾನಿನಲ್ಲಿ ಅವತ್ತು ಮಕ್ಕಳ ದಿನ. ಜುಲೈ 3 ನಾಮಿ, ನವೆಂಬರ್ 11 ಜೋರೋ. ಭಾನುವಾರ ಎಂಟೂವರೆಯ ಆ್ಯಪಿನಲ್ಲಿ ಇದು ಇರೋದಿಲ್ಲ ಅಕ್ಕಾ, ಸಂಪುಟಕ್ಕೆ ಅಂತಲೇ ಬರೆದದ್ದು.

ಅಧ್ಯಾಯದ ಮೊದಲ ಪುಟದ ಚಿತ್ರಕಥೆಗಳೂ ಅಷ್ಟೇ. ಮುಖ್ಯ ಕಥೆಗೂ ಆ ಚಿತ್ರಕ್ಕೂ ಸಂಬಂಧ ಇಲ್ಲ ಅನಿಸುತ್ತದೆ. ವಾರಕ್ಕೊಂದು ಚಿತ್ರ, ಒಂದು ಸಾಲು. ಸೋತ ಕಡಲ್ಗಳ್ಳ ಬಗ್ಗಿ ಏನಾದ, ಅಳುಬುರುಕ ಕೋಬಿ ನೌಕಾಪಡೆ ಸೇರಿ ಏನಾದ ಅಂತ ಆ ಒಂದೊಂದು ಚಿತ್ರದಲ್ಲೇ ಬೇರೆ ಕಥೆ ನಡೆಯುತ್ತಿರುತ್ತದೆ. ವಾರಕ್ಕೊಂದು ನೋಡಿದರೆ ಅದು ಸುಮ್ನೆ ಒಂದು ಚಿತ್ರ. ಸಂಪುಟದಲ್ಲಿ ಬೆರಳಿಟ್ಟು ಮೊದಲ ಪುಟಗಳನ್ನಷ್ಟೇ ತಿರುಗಿಸಿಕೊಂಡು ಹೋದರೆ ಒಂದು ಸಣ್ಣ ಪುಸ್ತಕ ಓದಿದ ಹಾಗೆ. ಕೋಬಿಯ ಕಥೆಯನ್ನು ಹಾರಿಸಬೇಡಿ ಅಣ್ಣಾ. ಇಷ್ಟೇ ಹೇಳ್ತೀನಿ, ಇದು ಸ್ಪಾಯ್ಲರ್ ಅಲ್ಲ.


ಬಿದರಿಬಳ್ಳಿ | ಬೀದರ್

ಎಸ್‌ಬಿಎಸ್ ಮಾತಿಗೆ ಉತ್ತರ ಇಲ್ಲ. ಒಪ್ಪಿದೆ.

ಆದರೆ ಬಣ್ಣದ ಪುಟಗಳ ವಿಷಯ? ಜಂಪ್‌ನಲ್ಲಿ ಬಣ್ಣದಲ್ಲಿ ಬಂದ ಪುಟಗಳು ಸಂಪುಟದಲ್ಲಿ ಕಪ್ಪು ಬಿಳುಪಾಗುತ್ತವೆ. ಎರಡು ಪುಟಕ್ಕೆ ಹರಡಿದ ದೊಡ್ಡ ಚಿತ್ರದ ನಡುಭಾಗ ಹೊಲಿಗೆಯ ಒಳಗೆ ಹೋಗುತ್ತದೆ. ಮೂರು ಸಂಪುಟ ಸೇರಿಸಿದ ದಪ್ಪ ಪ್ರತಿ ಕೊಂಡರಂತೂ ಮಧ್ಯದ ಚಿತ್ರ ನೋಡಲು ಪುಸ್ತಕದ ಬೆನ್ನು ಮುರೀಬೇಕು. ಮತ್ತೆ ಎಲ್ಲ ಸಂಪುಟವೂ 9ರ ಹಾಗೆ ಮುಗಿಯೋದಿಲ್ಲ. ಪುಟದ ಲೆಕ್ಕಕ್ಕೆ ಕತ್ತರಿಸುತ್ತಾರೆ. 22ರ ಕೊನೆ ಹೇಳಿ ನೋಡೋಣ. ಕ್ರೊಕೊಡೈಲ್ ಎಂಬ ಖಳನ ಜೊತೆಗಿನ ಹೊಡೆದಾಟ ಅರ್ಧಕ್ಕೇ ನಿಂತಿಲ್ವಾ?


ತೊಗರಿಕಣಜ | ಕಲಬುರಗಿ

ನಿಂತಿದೆ. ಅದಕ್ಕೇ ಆ ತಿಂಗಳು ಸಂಬಳ ಬರೋದಕ್ಕೆ ಮೊದಲೇ ಅಡ್ವಾನ್ಸ್ ಕೇಳಿದೆ.

ಕ್ರೊಕೊಡೈಲ್ ಹೆಸರಿನ ಜೊತೆ ಅಲಬಾಸ್ತಾ ಎಂಬ ನಾಡಿನ ಮಾತೂ ಬಂತು, ಅದನ್ನು ಸ್ವಲ್ಪ ಹೇಳಲೇಬೇಕು. 17ರಿಂದ 23ರವರೆಗಿನ ಈ ಮರಳುನಾಡಿನ ಕಥೆ ಓದುವಾಗ ನಡುವೆ ಇಲ್ಲಿ ಮೇ ತಿಂಗಳು ಬಂತು. ಹೊರಗೆ 43 ಡಿಗ್ರಿ. ಓಣಿಗೆ ಟ್ಯಾಂಕರ್ ಬಂದರೆ ಕೊಡಗಳ ಸಾಲು. ಕೂಲರಿಗೆ ಎಷ್ಟು ನೀರು ಹಾಕಿದೆ ಅಂತ ಅವ್ವ ಲೆಕ್ಕ ಕೇಳುತ್ತಿದ್ದಳು.

ಅಲಬಾಸ್ತಾದಲ್ಲಿ ಮೂರು ವರ್ಷ ಮಳೆ ಇಲ್ಲ, ರಾಜ ಇರುವ ಊರು ಬಿಟ್ಟು. ಮೋಡದಿಂದ ಬಲವಂತವಾಗಿ ಮಳೆ ಸುರಿಸುವ ಒಂದು ಪುಡಿ ಇದೆ. ಒಂದು ಕಡೆ ಸುರಿಸಿದರೆ ಪಕ್ಕದ ಕಡೆಗೆ ಹೋಗಬೇಕಾದ ಮಳೆ ಅಲ್ಲೇ ಖಾಲಿ. ರಾಜನೇ ಮಳೆ ಕದ್ದ ಅಂತ ಜನ ದಂಗೆ ಏಳುತ್ತಾರೆ. ಅದರ ಹಿಂದಿನ ಕೈ ಕ್ರೊಕೊಡೈಲ್‌ನದು, ಜನರ ಕಣ್ಣಿಗೆ ಮಾತ್ರ ಅವನು ಊರು ಕಾಯುವ ವೀರ. ನಮ್ಮ ಕಡೆಯೂ ಮೋಡ ಬಿತ್ತನೆ ಅಂತ ವಿಮಾನ ಹಾರಿಸಿದ್ದರಲ್ವಾ? ಆಗ ಮುತ್ಯಾ ಕೇಳಿದ್ದ, ನಮ್ಮ ಮೋಡ ಒಯ್ದು ಯಾರ ಹೊಲಕ್ಕೆ ಸುರೀತಾರೋ ಅಂತ. ಓಡಾ ಕಥೆಯ ಜನ ಕೇಳಿದ್ದೂ ಅದನ್ನೇ.

ನನಗೆ ಇಷ್ಟವಾಗಿದ್ದು ಯೂಬಾ ಎಂಬ ಊರಿನ ಭಾಗ. ಒಂದು ಕಾಲಕ್ಕೆ ನೀರಿದ್ದ ಊರು, ಈಗ ಮರಳಿನ ಕೆಳಗೆ ಹೂತಿದೆ. ಎಲ್ಲರೂ ಬಿಟ್ಟುಹೋಗಿದ್ದಾರೆ. ಟೋಟೋ ಎಂಬ ಮುದುಕ ಒಬ್ಬನೇ ರಾತ್ರಿಯೆಲ್ಲ ಗುಂಡಿ ತೋಡುತ್ತಾನೆ. ಬೆಳಿಗ್ಗೆ ಹಸಿ ಮಣ್ಣಿನಿಂದ ತೆಗೆದ ಒಂದಿಷ್ಟು ನೀರನ್ನು ಸಣ್ಣ ಪೀಪಾಯಿಯಲ್ಲಿ ತುಂಬಿ ಲೂಫಿಗೆ ಕೊಡುತ್ತಾನೆ. ಆಮೇಲೆ ಕ್ರೊಕೊಡೈಲ್ ಎದುರಾಗುತ್ತಾನೆ. ಅವನ ಮೈಯೇ ಮರಳು, ಗುದ್ದಿದರೆ ಕೈ ಆಚೆ ಬರುತ್ತದೆ. ನೀರು ತಾಗಿದ ಜಾಗ ಮಾತ್ರ ಗಟ್ಟಿಯಾಗುತ್ತದೆ, ಅಲ್ಲಿಗೆ ಮಾತ್ರ ಏಟು ಬೀಳುತ್ತದೆ. ಅದು ಲೂಫಿಗೆ ಗೊತ್ತಾಗುವುದು ಆ ಮುದುಕ ಕೊಟ್ಟ ನೀರಿನಿಂದ. ಮುದುಕ ನೀರು ಕೊಟ್ಟಾಗ ನಾನು ಅದನ್ನು ಮರೆತೇಬಿಟ್ಟಿದ್ದೆ. ಹೊಡೆದಾಟ ಬಂದಾಗ ಹಿಂದಿನ ಪುಸ್ತಕ ಕಪಾಟಿನಿಂದ ತೆಗೆದು ಆ ಪುಟ ಮತ್ತೆ ನೋಡಿದೆ. ಒಂದೇ ಚೌಕ. ನಡುಗುವ ಕೈ, ಸಣ್ಣ ಪೀಪಾಯಿ.

23ರ ಕೊನೆ ಬಗ್ಗೆ ಹೇಳೋದಿಲ್ಲ, ಹೊಸಬರು ಇದ್ದಾರೆ. ಎಡಗೈ ಅಂದ್ರೆ ಓದಿದವರಿಗೆ ಗೊತ್ತಾಗುತ್ತದೆ.


ರೋಜಾಓದುಗ | ಕಲಬುರಗಿ

ಎಡಗೈ! ಕಣ್ಣಲ್ಲಿ ನೀರು ಬಂದಿತ್ತು ಭಾಯ್. ಪೆಟ್ಟಿಗೆ ಸೆಟ್ಟಿನ ಮೊದಲ ಪೆಟ್ಟಿಗೆಯನ್ನು 1ರಿಂದ 23ಕ್ಕೆ ಕಟ್ಟಿದವರು ಯಾರೋ, ಕಥೆ ಓದಿದವರೇ ಇರಬೇಕು.


ಯಾದಗಿರಿಪ್ಯಾಸೆಂಜರ್ | ಯಾದಗಿರಿ

ಯಾರಿಗೂ ಏನೂ ಹೇಳದೆ ಒಂದು ಸುಳಿವು ಕೊಡ್ಲಾ? 61ನೇ ಸಂಪುಟ ಕೈಗೆ ಬಂದ ದಿನ, 1ನೇ ಸಂಪುಟವನ್ನು ಅದರ ಪಕ್ಕ ಇಟ್ಟು ಮುಖಪುಟ ನೋಡಿ.


ತೊಗರಿಕಣಜ | ಕಲಬುರಗಿ

ಇದು ನಡೆಯುತ್ತದೆ. ಇಂಥದ್ದು ಹೇಳು, ಯಾರೂ ಹೊಡೆಯೋದಿಲ್ಲ.


ಸನ್ನತಿದಾರಿ | ಚಿತ್ತಾಪುರ

ಹೈಸ್ಕೂಲ್ ಮೇಷ್ಟ್ರು ನಾನು. ನಿಮ್ಮ ಕಡಲ್ಗಳ್ಳರ ಕಥೆ ಓದಿಲ್ಲ, ಅಷ್ಟು ಉದ್ದಕ್ಕೆ ಧೈರ್ಯ ಸಾಲಲಿಲ್ಲ. ಆದರೆ ಸಂಪುಟಕ್ಕೆ ಸಂಪುಟ ಓದುವ ರುಚಿ ನನಗೂ ಹತ್ತಿದೆ. ಒಸಾಮು ತೆಜುಕಾ ಅವರ ಬುದ್ಧ. 1972ರಿಂದ 1983ರವರೆಗೆ ಜಪಾನಿನಲ್ಲಿ ಕಂತಾಗಿ ಬಂದದ್ದು. ಇಂಗ್ಲಿಷಿನಲ್ಲಿ 8 ಸಂಪುಟ. ಭಾರತದಲ್ಲಿ ಹಾರ್ಪರ್ ಕಾಲಿನ್ಸ್ ಛಾಪಿಸಿದೆ. ತೆಜುಕಾ ವೈದ್ಯಕೀಯ ಓದಿದವರು, 1989ರಲ್ಲಿ ತೀರಿಕೊಂಡರು.

ಬುದ್ಧನ ಕಥೆ ನಮಗೆ ಗೊತ್ತಿರೋದೇ ಅಲ್ವಾ ಅಂತ ಮೊದಲ ಸಂಪುಟ ಬಿಚ್ಚಿದೆ. ಅದರಲ್ಲಿ ಬುದ್ಧನೇ ಇಲ್ಲ! ಹುಟ್ಟುವುದೇ ಆ ಸಂಪುಟದ ಕೊನೆಯ ಹೊತ್ತಿಗೆ. ಮೊದಲ ಸಂಪುಟದ ನಾಯಕ ಚಪ್ರಾ ಎಂಬ ಗುಲಾಮ ಹುಡುಗ. ಜಾತಿ ಮುಚ್ಚಿಟ್ಟು ಸೇನಾಪತಿಯ ದತ್ತುಮಗನಾಗುತ್ತಾನೆ. ಅವನ ಜೊತೆ ತತ್ತಾ ಎಂಬ ಹೊಲೆಗೇರಿಯ ಪೋರ, ಮೃಗಗಳ ಮೈಯೊಳಗೆ ಮನಸ್ಸು ಹೊಗಿಸಬಲ್ಲವನು. ಹುಟ್ಟಿನ ಮೇಲು ಕೀಳು ಅಂದ್ರೆ ಏನು ಅಂತ ಇವರಿಬ್ಬರ ಮೈಮೇಲೆ ತೋರಿಸಿ ಆದ ಮೇಲೆಯೇ ತೆಜುಕಾ ರಾಜಕುಮಾರನನ್ನು ಕರೆತರುತ್ತಾರೆ. ಒಂದೇ ಪುಸ್ತಕವಾಗಿದ್ದರೆ ಇದು ಪೀಠಿಕೆ ಆಗುತ್ತಿತ್ತು. ಬೇರೆ ಸಂಪುಟ ಆಗಿರೋದರಿಂದ ಚಪ್ರಾ ಪೂರ್ತಿ ನಾಯಕನಾಗಿಯೇ ಉಳಿಯುತ್ತಾನೆ. ನನ್ನ ಎಂಟನೇ ಕ್ಲಾಸಿನ ಹುಡುಗರಿಗೆ ಮೊದಲ ಸಂಪುಟ ಕೊಟ್ಟಾಗ ಬುದ್ಧ ಯಾವಾಗ ಬರ್ತಾನೆ ಸರ್ ಅಂತ ಯಾರೂ ಕೇಳಲಿಲ್ಲ, ಚಪ್ರಾ ಏನಾದ ಅಂತ ಕೇಳಿದರು.

ಶುರುವಿನಲ್ಲೇ ಹಸಿದ ಮುದುಕನಿಗೆ ಆಹಾರವಾಗಲು ಮೊಲ ಬೆಂಕಿಗೆ ಹಾರುವ ಕಥೆ ಬರುತ್ತದೆ. ಜಾತಕ ಕಥೆಯ ಮೊಲ. ಸನ್ನತಿ ಪಕ್ಕದ ಕನಗನಹಳ್ಳಿ ಸ್ತೂಪ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಜಾತಕ ಕಥೆ, ಬುದ್ಧನ ಬದುಕು ಎಲ್ಲ ಸುಣ್ಣದ ಕಲ್ಲಿನ ಚಪ್ಪಡಿಗಳ ಮೇಲೆ ಕೆತ್ತಿದೆ. ಅಶೋಕನ ಚಿತ್ರದ ಕೆಳಗೆ ರಾಯಾ ಅಸೋಕೋ ಅಂತ ಬ್ರಾಹ್ಮಿಯಲ್ಲಿ ಹೆಸರೂ ಇದೆ. ಸ್ತೂಪದ ಸುತ್ತ ನಡೆಯುತ್ತಾ ಒಂದು ಚಪ್ಪಡಿ ಆದ ಮೇಲೆ ಇನ್ನೊಂದು ನೋಡಬೇಕು. ಭೀಮೆಯ ದಡದಲ್ಲಿ ನಮ್ಮವರು ಚಿತ್ರದಲ್ಲಿ ಕಥೆ ಓದುವುದು ಎರಡು ಸಾವಿರ ವರ್ಷದ ಹಿಂದಿನ ರೂಢಿ. ಮಕ್ಕಳು ಕಾಮಿಕ್ಸ್ ಹಿಡಿದರೆ ಹಾಳಾದರು ಅನ್ನುವ ಪೋಷಕರಿಗೆ ನಾನು ಇದನ್ನೇ ಹೇಳುತ್ತೇನೆ. ಅವರು ನಂಬೋದಿಲ್ಲ, ಅದು ಬೇರೆ ಮಾತು.


ಫರಸಿಕಲ್ಲು | ಶಹಾಬಾದ್

ಮೇಷ್ಟ್ರೇ, 8 ಸಂಪುಟ ಅಂದ್ರೆ ನನ್ನ ವಯಸ್ಸಿಗೆ ಸರಿಹೋಗುತ್ತದೆ. ಮುಗಿಯದ ಕಥೆ ಹಿಡಿಯಲು ನನಗೆ ಹೆದರಿಕೆ. ಓದೋನು ಮೊದಲು ಮುಗೀತಾನೋ, ಕಥೆ ಮೊದಲು ಮುಗಿಯುತ್ತದೋ.


ಬಿದರಿಬಳ್ಳಿ | ಬೀದರ್

ಕಾಕಾ, ಹಾಗೆ ಹೇಳಬೇಡಿ. ಬರೆಯುವವರೇ ಮೊದಲು ಹೋದದ್ದೂ ಇದೆ. ಬರ್ಸರ್ಕ್ ಎಂಬ ಮಾಂಗಾ ಬರೆದ ಕೆಂಟಾರೊ ಮಿಯುರಾ 1989ರಲ್ಲಿ ಶುರು ಮಾಡಿದರು. 2021ರ ಮೇನಲ್ಲಿ ತೀರಿಕೊಂಡರು, 54 ವರ್ಷ. ಕಥೆ ಅರ್ಧಕ್ಕೆ. ಮರುವರ್ಷ ಅವರ ಶಿಷ್ಯರು ಮತ್ತೆ ಬರೆಯಲು ಕೂತರು. ಕೊನೆಯವರೆಗಿನ ಕಥೆಯನ್ನು ಮಿಯುರಾ ಬಾಯಿಂದ ಕೇಳಿದ್ದ ಗೆಳೆಯ ಕೌಜಿ ಮೋರಿ ಮೇಲ್ವಿಚಾರಣೆ. ಚಿತ್ರ ಚೆನ್ನಾಗಿದೆ, ಆದರೆ ನನಗೆ ಓದಲು ಮನಸ್ಸು ಬರುತ್ತಿಲ್ಲ. 41ನೇ ಸಂಪುಟಕ್ಕೆ ನಿಲ್ಲಿಸಿದ್ದೇನೆ.

ವ್ಯಾಗಬಾಂಡ್ ಇನ್ನೊಂದು ಥರ. 37 ಸಂಪುಟ, 2015ರಿಂದ ಮುಂದೆ ಹೋಗಿಲ್ಲ. ಬರೆಯುವವರು ಚೆನ್ನಾಗಿಯೇ ಇದ್ದಾರೆ, ಕಥೆ ಮಾತ್ರ ನಿಂತಿದೆ. ಪೂರ್ತಿ ಮುಗಿದದ್ದು ಬೇಕು ಅನ್ನೋರಿಗೆ ಫುಲ್‌ಮೆಟಲ್ ಆಲ್ಕೆಮಿಸ್ಟ್, 27 ಸಂಪುಟ, 2010ಕ್ಕೆ ಮುಗಿದಿದೆ. ಹಿರೋಮು ಅರಾಕಾವಾ ಅಂತ ಹೆಣ್ಣುಮಗಳು ಬರೆದದ್ದು. ನಾನು ಕಂಡಂತೆ ಇಷ್ಟು ಉದ್ದದ ಕಥೆಯನ್ನು ಒಂದು ಎಳೆಯೂ ಬಿಡದೆ ಕಟ್ಟಿದವರು ಕಡಿಮೆ.


ಕಡಗಂಚಿಹಾಸ್ಟೆಲ್ | ಆಳಂದ ತಾಲ್ಲೂಕು

ಅಕ್ಕಾ, ವಾರ ವಾರ ಓದುವವರ ಕಪಾಟಿನಲ್ಲಿ 41 ಸಂಪುಟ ಎಲ್ಲಿಂದ ಬಂತು?


ಬಿದರಿಬಳ್ಳಿ | ಬೀದರ್

ಅಯ್ಯೋ ಸುಮ್ನಿರೇ. ಅದು ಮದುವೆಗೆ ಮೊದಲು.


ತೊಗರಿಕಣಜ | ಕಲಬುರಗಿ

ಸಿಕ್ಕಿಬಿದ್ದರು!

ಕೆಲಸದ ಮಾತು. ನನ್ನ 1ರಿಂದ 23 ಓದಲು ಕೊಡುತ್ತೇನೆ. ಮೂರು ಮೂರರಂತೆ ಒಯ್ಯಿರಿ. ಪುಟ ಮಡಚಬಾರದು, ಶೇಂಗಾ ಹಿಂಡಿಯ ಕೈಯಲ್ಲಿ ಮುಟ್ಟಬಾರದು. ಬರುವ ಭಾನುವಾರ ಬುದ್ಧ ವಿಹಾರದ ಹತ್ತಿರ ಸೇರೋಣವಾ? ಮೇಷ್ಟ್ರು ತೆಜುಕಾ ತಂದರೆ ಕಾಕಾಗೆ ಸಿಗುತ್ತದೆ.


ಸನ್ನತಿದಾರಿ | ಚಿತ್ತಾಪುರ

4 ಬಿಟ್ಟು ಉಳಿದದ್ದು ತರುತ್ತೇನೆ. 4 ಒಬ್ಬ ಹುಡುಗನ ಹತ್ತಿರ ಇದೆ, ಅವನ ತಂಗಿ ಓದಿ ಮುಗಿಸಿಲ್ಲವಂತೆ.


ಫರಸಿಕಲ್ಲು | ಶಹಾಬಾದ್

ನಾನೂ ಮೊಮ್ಮಗಳೂ ಬರುತ್ತೇವೆ. 3 ಮುಗಿಸೋ ಹೊತ್ತಿಗೆ 4 ಬಂದಿರಬೇಕು ಮೇಷ್ಟ್ರೇ, ಆ ಹುಡುಗಿಗೆ ಹೇಳಿಡಿ.


ರೋಜಾಓದುಗ | ಕಲಬುರಗಿ

ಮಾಲ್ಪುರಿ ನನ್ನ ಕಡೆಯಿಂದ. ಪುಸ್ತಕ ಚೀಲಕ್ಕೆ ಹಾಕಿದ ಮೇಲೆಯೇ ಡಬ್ಬಿ ತೆಗೆಯೋದು.


ಯಾದಗಿರಿಪ್ಯಾಸೆಂಜರ್ | ಯಾದಗಿರಿ

ನಾನು ಬರ್ತೀನಿ, 1ರಿಂದ 3 ನನಗೆ. ಆದರೆ ಭಾನುವಾರ ಅಂದ್ರೆ ರಾತ್ರಿ ಎಂಟೂವರೆ ಒಳಗೆ ಮನೆ ಮುಟ್ಟಬೇಕು. ರೈಲಿನಲ್ಲಿ ನೆಟ್‌ವರ್ಕ್ ಸಿಗೋದಿಲ್ಲ, ಹೊಸ ಅಧ್ಯಾಯ ಇರುತ್ತದೆ.


ಬಿದರಿಬಳ್ಳಿ | ಬೀದರ್

ಈ ವಾರ ಓಡಾ ಅವರಿಗೆ ರಜೆ ತಮ್ಮಾ. ನಿಧಾನಕ್ಕೆ ಹೋಗು.